ಹದಿಹರೆಯದ ಮಕ್ಕಳ ಹಲ್ಲು: ರಾತ್ರಿಯ ಎರಡು ನಿಮಿಷದಿಂದ ಶುರು ಮಾಡಿ

ಫೋಟೊ ತೆಗೆಯುವಾಗ ತುಟಿ ಬಿಗಿಹಿಡಿಯುವ, ನಗು ಬಂದಾಗ ಅಂಗೈ ಅಡ್ಡ ತರುವ, ಉತ್ತರ ಗೊತ್ತಿದ್ದರೂ ಬಾಯಿ ವಾಸನೆಯ ಅಂಜಿಕೆಯಿಂದ ತರಗತಿಯಲ್ಲಿ ಸುಮ್ಮನೆ ಕೂರುವ ಹದಿಹರೆಯದವರನ್ನು ಕಂಡಾಗ ಹಿರಿಯರು ಅದನ್ನು ನಾಚಿಕೆಯ ಸ್ವಭಾವವೆಂದು ಭಾವಿಸಿಬಿಡುತ್ತಾರೆ. ಹಲ್ಲು ಚೆನ್ನಾಗಿದ್ದರೆ ಆತ್ಮವಿಶ್ವಾಸ ತಾನಾಗಿ ಬರುತ್ತದೆ ಎಂದು ಹೇಳುವವರು ಬಹಳ. ಆದರೆ ಈ ನಂಟು ಎರಡೂ ಕಡೆಯಿಂದ ಕೆಲಸ ಮಾಡುತ್ತದೆ. ‘ನಿದ್ದೆ ಬರುತ್ತಿದ್ದರೂ ಹಲ್ಲುಜ್ಜಿಯೇ ಮಲಗಬಲ್ಲೆ’ ಎಂಬ ನಂಬಿಕೆ ಇದ್ದವರಿಗೆ ಆ ಅಭ್ಯಾಸವನ್ನು ಉಳಿಸಿಕೊಳ್ಳುವುದು ಸುಲಭ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದ ಸ್ವಸಾಮರ್ಥ್ಯದ ಪರಿಕಲ್ಪನೆಯ ಪ್ರಕಾರ, ಇಂಥ ನಂಬಿಕೆ ಉಪದೇಶಕ್ಕಿಂತಲೂ ಹೆಚ್ಚಾಗಿ ಸ್ವತಃ ಮಾಡಿ ಗೆದ್ದ ಅನುಭವದಿಂದ ಬೆಳೆಯುತ್ತದೆ.

ಆದ್ದರಿಂದ ಮೊದಲ ಹೆಜ್ಜೆ ಚಿಕ್ಕದಾಗಿರಲಿ. ಬೆಳಗಿನದನ್ನು ಸದ್ಯಕ್ಕೆ ಇದ್ದಂತೆಯೇ ಬಿಟ್ಟು, ರಾತ್ರಿ ಹಲ್ಲುಜ್ಜುವುದನ್ನು ಮಾತ್ರ ಹಿಡಿದುಕೊಳ್ಳಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ ಸ್ರವಿಸುವುದರಿಂದ, ಬ್ಯಾಕ್ಟೀರಿಯಾ ಹುಟ್ಟಿಸುವ ಆಮ್ಲವನ್ನು ತೊಳೆದು ತಟಸ್ಥಗೊಳಿಸುವ ಸಹಜ ರಕ್ಷಣೆ ಆ ಹೊತ್ತಿನಲ್ಲಿ ದುರ್ಬಲವಾಗಿರುತ್ತದೆ. ಕಣ್ಣೆಳೆಯುವ ತನಕ ಕಾಯದೆ, ಊಟ ಮುಗಿದು ಸ್ವಲ್ಪ ಹೊತ್ತಿಗೇ ಉಜ್ಜಿಬಿಟ್ಟರೆ ಅರ್ಧ ಕಷ್ಟ ಕಳೆದಂತೆ. ಆಮೇಲೆ ನೀರಿನ ಹೊರತು ಬೇರೇನೂ ಬಾಯಿಗೆ ಹೋಗಬಾರದು.

ಉಜ್ಜುವ ಕ್ರಮವನ್ನು ಒಮ್ಮೆ ಕನ್ನಡಿಯ ಮುಂದೆ ನಿಂತು ಕಲಿಯಬೇಕು. ಮೃದುವಾದ ಎಳೆಗಳ ಬ್ರಷ್ಷನ್ನು ಹಲ್ಲು ಮತ್ತು ವಸಡು ಸೇರುವ ಗೆರೆಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಒತ್ತದೆ, ಪುಟ್ಟ ಪುಟ್ಟ ಚಲನೆಯಲ್ಲಿ 2 ನಿಮಿಷ ಉಜ್ಜಬೇಕು. 12–13ರ ವಯಸ್ಸಿನ ಆಸುಪಾಸಿನಲ್ಲಿ ಹುಟ್ಟುವ ಎರಡನೆಯ ದವಡೆ ಹಲ್ಲುಗಳು ತೀರಾ ಹಿಂದಿರುವುದರಿಂದ ಬ್ರಷ್ ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ. ಹಾಗಾಗಿ ಅಲ್ಲಿಂದಲೇ ಆರಂಭಿಸುವುದು ಜಾಣತನ. ಪೇಸ್ಟಿನಲ್ಲಿ ಫ್ಲೋರೈಡ್ ಇರಬೇಕು. ಉಜ್ಜಿದ ಮೇಲೆ ನೊರೆಯನ್ನು ಉಗುಳಿದರೆ ಸಾಕು, ನೀರಿನಿಂದ ಮುಕ್ಕಳಿಸಿದರೆ ಆ ಫ್ಲೋರೈಡೂ ಕೊಚ್ಚಿಹೋಗುತ್ತದೆ.

ಇನ್ನು ಹೆಚ್ಚಿನವರು ಸೋಲುವುದು ರಕ್ತ ಕಂಡಾಗ. ಪ್ರಾಯಕ್ಕೆ ಬರುವಾಗ ಹಾರ್ಮೋನುಗಳ ಏರಿಳಿತದಿಂದ ವಸಡು ಹಲ್ಲಿನ ಪಾಚಿಗೆ, ಅಂದರೆ ಹಲ್ಲಿಗಂಟುವ ಬ್ಯಾಕ್ಟೀರಿಯಾದ ಪದರಕ್ಕೆ, ಅತಿಯಾಗಿ ಸ್ಪಂದಿಸುತ್ತದೆ, ಕೆಂಪಾಗಿ ಊದಿಕೊಂಡು ಬ್ರಷ್ ತಾಗಿದೊಡನೆ ರಕ್ತ ಒಸರುತ್ತದೆ. ಹೆದರಿ ಆ ಜಾಗವನ್ನು ಬಿಟ್ಟು ಉಜ್ಜಿದರೆ ಪಾಚಿ ಇನ್ನಷ್ಟು ಕೂತು ರಕ್ತ ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ. ಮೃದುವಾಗಿ, ಬಿಡದೆ ಉಜ್ಜುತ್ತಾ ಹೋದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ವಸಡು ತಹಬಂದಿಗೆ ಬರುತ್ತದೆ. ಬಾರದಿದ್ದರೆ ದಂತವೈದ್ಯರಿಗೆ ತೋರಿಸಬೇಕು. ನನ್ನ ಮಟ್ಟಿಗೆ ಮಕ್ಕಳಿಗೆ ಕಾಣಿಸಬೇಕಾದ ಗೆಲುವು ಇದೇ, ಏಕೆಂದರೆ ತಮ್ಮ ಕೈಕೆಲಸದ ಫಲವನ್ನು ಅವರು ಕಣ್ಣಾರೆ ನೋಡುತ್ತಾರೆ.

ಬಾಯಿ ವಾಸನೆಯ ಮೂಲ ಬಹುಪಾಲು ನಾಲಿಗೆಯ ಹಿಂಭಾಗದಲ್ಲಿರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಗಂಧಕಯುಕ್ತ ಅನಿಲಗಳನ್ನು ಬಿಡುವುದರಿಂದ, ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಹಗುರವಾಗಿ ಕೆರೆದು ತೆಗೆಯುವುದು ಮತ್ತು ಬಾಯಿ ಒಣಗದಂತೆ ನೀರು ಕುಡಿಯುವುದು ಪರಿಮಳದ ಗುಳಿಗೆಗಿಂತ ಮೇಲು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ತಂತಿಯ ಸಂದುಗಳಿಗೆ ತೂರುವ ಸಣ್ಣ ಬ್ರಷ್ಷನ್ನೂ ಬಳಸಬೇಕು. ಇಲ್ಲದಿದ್ದರೆ ಕ್ಲಿಪ್ ತೆಗೆದ ದಿನ ಹಲ್ಲು ನೆಟ್ಟಗಿದ್ದರೂ ಕ್ಲಿಪ್ ಅಂಟಿದ್ದ ಜಾಗದ ಸುತ್ತ ಬಿಳಿ ಕಲೆಗಳು ಉಳಿದಿರಬಹುದು.

ಬೇಗ ಬೆಳ್ಳಗಾಗುವ ಆಸೆಗೆ ನಿಂಬೆರಸ, ಇದ್ದಿಲ ಪುಡಿ ಹಚ್ಚುವವರನ್ನು ತಡೆಯಲೇಬೇಕು. ಆಮ್ಲವು ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲನ್ನು ಕರಗಿಸುತ್ತದೆ, ಒರಟು ಪುಡಿ ಸವೆಸುತ್ತದೆ, ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದರಡಿಯ ಪದರದ ಬಣ್ಣವೇ ಹಳದಿಯಾದ್ದರಿಂದ ಹಲ್ಲು ಕೊನೆಗೆ ಮೊದಲಿಗಿಂತ ಹಳದಿಯಾಗಿ ಕಾಣುತ್ತದೆ.

ಹಿರಿಯರು ಮಾಡಬೇಕಾದ ಕೆಲಸ ಇಷ್ಟೇ: ನೆಂಟರೆದುರು ಮಗುವಿನ ಹಲ್ಲಿನ ಮಾತೆತ್ತಬೇಡಿ, ಒಂದು ರಾತ್ರಿ ತಪ್ಪಿದರೆ ಲೆಕ್ಕ ಕೇಳಬೇಡಿ. ದಂತವೈದ್ಯರ ಬಳಿ ಹೋದಾಗ ‘ಏನು ತೊಂದರೆ?’ ಎಂಬ ಪ್ರಶ್ನೆಗೆ ನೀವು ಬಾಯಿ ತೆರೆಯುವ ಮೊದಲು, ಕುರ್ಚಿಯಲ್ಲಿ ಕೂತವರೇ ಉತ್ತರಿಸಲು ಬಿಡಿ.