ಎಂಡೋಸ್ಕೋಪಿಗೆ ಮಂಪರಿನ ಇಂಜೆಕ್ಷನ್ ಕೊಡ್ತಾರೆ ಅಂದ್ರೆ ಏನು ತಯಾರಿ ಬೇಕು

ಹುಬ್ಬಳ್ಳಿಯಲ್ಲಿ ಎಂಡೋಸ್ಕೋಪಿ ರೂಮಿನ, ಅಂದರೆ ಕ್ಯಾಮೆರಾ ಇರುವ ನಳಿಕೆ ಬಿಟ್ಟು ಹೊಟ್ಟೆ ಒಳಗೆ ನೋಡುವ ಟೆಸ್ಟ್ ರೂಮಿನ, ನರ್ಸ್ ನಾನು. ಗದಗ, ಹಾವೇರಿ, ಕಲಘಟಗಿ, ನವಲಗುಂದ ಎಲ್ಲ ಕಡೆಯಿಂದ ಮಂದಿ ಬರುತ್ತಾರೆ. "ನಿದ್ದೆ ಇಂಜೆಕ್ಷನ್ ಕೊಡ್ತೀವಿ" ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ವಾಪಸ್ ಎಚ್ಚರ ಆಗ್ತದಲ್ಲ? ಆಗುತ್ತದೆ. ಆದರೆ ಆ ಭಯದಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆಗಳು ಮರೆತೇ ಹೋಗುತ್ತವೆ. ಚಾ ಕುಡಿದು ಬರುತ್ತಾರೆ. ದಿನಾ ನುಂಗುವ ಗುಳಿಗೆ ಹೇಳುವುದಿಲ್ಲ. ಒಬ್ಬರೇ ಬೈಕ್ ಮೇಲೆ ಬಂದು, ಮುಗಿದ ಕೂಡಲೇ ಬೈಕ್ ಹತ್ತಿ ಊರಿಗೆ ಹೊರಡಲು ನೋಡುತ್ತಾರೆ. ತೊಂದರೆ ಬರುವುದು ಇಂಥ ಕಡೆಯಿಂದಲೇ ಜಾಸ್ತಿ.

ಮೊದಲು ಇದು ಏನು ಅಂತ ತಿಳಿಯೋಣ. ಆಪರೇಷನ್‌ಗೆ ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ ಬೇರೆ, ಇದು ಬೇರೆ. ಇದರಲ್ಲಿ ನೀವು ಅರೆ ನಿದ್ದೆಯಲ್ಲಿ ಇರುತ್ತೀರಿ. ಹೆಸರು ಹಿಡಿದು ಕರೆದರೆ ಕಣ್ಣು ಬಿಡುತ್ತೀರಿ, "ಈ ಕಡೆ ಹೊರಳಿ" ಅಂದರೆ ಹೊರಳುತ್ತೀರಿ, ಉಸಿರು ನೀವೇ ಆಡುತ್ತಿರುತ್ತೀರಿ. ಆಮೇಲೆ ನೆನಪು ಮಾತ್ರ ಇರುವುದಿಲ್ಲ. ಇದಕ್ಕೆ ಹೆಚ್ಚಾಗಿ ಬಳಸುವ ಔಷಧ ಮಿಡಾಜೋಲಮ್. ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತಾರೆ, ಎರಡು ನಿಮಿಷದಲ್ಲಿ ಕಣ್ಣು ಭಾರವಾಗುತ್ತದೆ. ಇದು ನೋವಿನ ಔಷಧ ಅಲ್ಲ, ಹೆದರಿಕೆ ಇಳಿಸಿ ಮಂಪರು ತರುತ್ತದೆ ಅಷ್ಟೇ. ನೋವು ಆಗುವ ಕೆಲಸವಾದರೆ ಜೊತೆಗೆ ಫೆಂಟನಿಲ್‌ನಂಥ ನೋವಿನ ಇಂಜೆಕ್ಷನ್ ಸ್ವಲ್ಪ ಸೇರಿಸುತ್ತಾರೆ. ಹಾಲಿನ ಹಾಗೆ ಬೆಳ್ಳಗಿರುವ ಇನ್ನೊಂದು ಇಂಜೆಕ್ಷನ್ ಇದೆ, ಪ್ರೊಪೊಫಾಲ್. ಅದು ಕೈಯಲ್ಲಿ ಒಳಗೆ ಹೋಗುವಾಗ ಉರಿಯುತ್ತದೆ, ಬೇಗ ನಿದ್ದೆ ಬರುತ್ತದೆ, ಬೇಗ ಇಳಿಯುತ್ತದೆ. ಆದರೆ ಇದರಲ್ಲಿ ಮಂಪರು ಆಳಕ್ಕೆ ಹೋಗಿಬಿಡಬಹುದು. ಹಾಗಾಗಿ ಇದಕ್ಕೆ ಅರಿವಳಿಕೆ ಡಾಕ್ಟರ್ ಪಕ್ಕದಲ್ಲಿ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಡೋಸ್ ಎಲ್ಲರಿಗೂ ಒಂದೇ ಅಲ್ಲ. ವಯಸ್ಕರಿಗೆ ಮಿಡಾಜೋಲಮ್ ಸಾಮಾನ್ಯವಾಗಿ 2ರಿಂದ 2.5 ಮಿಲಿಗ್ರಾಂನಿಂದ ಶುರು ಮಾಡಿ, ನೋಡಿಕೊಂಡು ಸ್ವಲ್ಪ ಸ್ವಲ್ಪ ಏರಿಸುತ್ತಾರೆ. 60 ದಾಟಿದವರಿಗೆ 0.5ರಿಂದ 1 ಮಿಲಿಗ್ರಾಂನಿಂದ ಶುರು ಮಾಡಿದರೆ ಸಾಕು. "ನಮ್ಮ ಅಜ್ಜಾರಿಗೆ ಇಷ್ಟೇ ಕೊಟ್ರಾ, ಜಾಸ್ತಿ ಕೊಡ್ರಿ, ಪಾಪ ಹೆದರ್ತಾರ" ಎಂದು ಮನೆಯವರು ಹೇಳುವುದುಂಟು. ದಯವಿಟ್ಟು ಹಾಗೆ ಒತ್ತಾಯ ಮಾಡಬೇಡಿ. ವಯಸ್ಸಾದವರಲ್ಲಿ ಈ ಔಷಧ ಮೈಯಿಂದ ಹೊರಗೆ ಹೋಗಲು ತುಂಬಾ ಹೊತ್ತು ಹಿಡಿಯುತ್ತದೆ, ಉಸಿರಿನ ಮೇಲೆ ಪರಿಣಾಮವೂ ಬೇಗ ಆಗುತ್ತದೆ.

ಖಾಲಿ ಹೊಟ್ಟೆ ಅಂದರೆ ಖಾಲಿ ಹೊಟ್ಟೆ

ಮಂಪರಿನಲ್ಲಿ ಗಂಟಲು ತನ್ನ ಕಾವಲು ಸಡಿಲ ಮಾಡುತ್ತದೆ. ಹೊಟ್ಟೆಯಲ್ಲಿ ಏನಾದರೂ ಇದ್ದು ಅದು ಮೇಲೆ ಬಂದರೆ ಶ್ವಾಸಕೋಶಕ್ಕೆ ಹೋಗಬಹುದು. ಅದು ಸಣ್ಣ ವಿಷಯ ಅಲ್ಲ, ನ್ಯುಮೋನಿಯಾ ಆಗಿ ಐಸಿಯು ತನಕ ಹೋಗಬೇಕಾದೀತು. ಹಗುರ ತಿಂಡಿ ಆಗಿದ್ದರೆ 6 ಗಂಟೆ, ಎಣ್ಣೆ ಪದಾರ್ಥ ಅಥವಾ ಮಾಂಸ ತಿಂದಿದ್ದರೆ 8 ಗಂಟೆ ಬಿಡಬೇಕು. ಅಂದರೆ ಬೆಳಿಗ್ಗೆ ಎಂಟಕ್ಕೆ ಬರಲು ಹೇಳಿದ್ದರೆ ಹಿಂದಿನ ರಾತ್ರಿ ರೊಟ್ಟಿ ಎಣ್ಣೆಗಾಯಿ ಬೇಗ ಮುಗಿಸಿ ಮಲಗಿಬಿಡಿ. ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನ ತನಕ ಕುಡಿಯಬಹುದು. ಆದರೆ ನಿಮ್ಮ ಆಸ್ಪತ್ರೆಯವರು ಅದಕ್ಕಿಂತ ಜಾಸ್ತಿ ಹೊತ್ತು ಹೇಳಿದ್ದರೆ ಅದನ್ನೇ ಪಾಲಿಸಿ.

ಚಾ ನೀರಲ್ಲ. ಹಾಲು ಹಾಕಿದ ಚಾ ಊಟದ ಲೆಕ್ಕಕ್ಕೆ ಬರುತ್ತದೆ. ಬಸ್ ಇಳಿದು ಸ್ಟ್ಯಾಂಡಿನಲ್ಲಿ ಸುಮ್ನೆ ಅರ್ಧ ಕಪ್ ಕುಡಿದೆ ಅಂದರೂ ಟೆಸ್ಟ್ ಮುಂದಕ್ಕೆ ಹೋಗುತ್ತದೆ. ಕುಡಿದಿದ್ದರೆ ಮುಚ್ಚಿಡಬೇಡಿ. ನಾವು ಬೈಯುವುದಿಲ್ಲ, ಸಮಯ ಬದಲಿಸುತ್ತೇವೆ ಅಷ್ಟೇ. ಎಲೆ ಅಡಿಕೆ, ಗುಟ್ಕಾ, ತಂಬಾಕು ಕೂಡ ಬೇಡ. ಬಾಯಲ್ಲಿ ಉಳಿದ ಒಂದು ಅಡಿಕೆ ಚೂರು ಮಂಪರಿನಲ್ಲಿ ಶ್ವಾಸನಾಳಕ್ಕೆ ಜಾರಿದರೆ ಆಗುವ ಪಾಡು ಕೇಳಬೇಡಿ. ಬಾಯಿ ತೊಳೆದುಕೊಂಡು ಬನ್ನಿ. ಕಟ್ಟಿಸಿದ ಹಲ್ಲು ತೆಗೆಯಲು ಬರುವಂಥದ್ದಿದ್ದರೆ ತೆಗೆಯಿರಿ, ಅಲುಗಾಡುವ ಹಲ್ಲಿದ್ದರೆ ಮೊದಲೇ ಹೇಳಿ.

ಬೆರಳ ತುದಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕುತ್ತೇವೆ. ಉಗುರಿಗೆ ಗಾಢ ಬಣ್ಣ ಇದ್ದರೆ ಅದು ತಪ್ಪು ತೋರಿಸಬಹುದು. ಹೆಣ್ಣುಮಕ್ಕಳು ಹಿಂದಿನ ದಿನವೇ ಬಣ್ಣ ತೆಗೆದು ಬಂದರೆ ಒಳ್ಳೆಯದು.

ಗುಳಿಗೆ ಚೀಲ ತನ್ನಿ, ಕುಡಿಯುವುದನ್ನೂ ಹೇಳಿ

ದಿನಾ ತೆಗೆದುಕೊಳ್ಳುವ ಎಲ್ಲ ಗುಳಿಗೆಗಳ ಪಟ್ಟಿ ಬೇಕು. ಹೆಸರು ನೆನಪಿಲ್ಲದಿದ್ದರೆ ಚೀಲವನ್ನೇ ತನ್ನಿ. ಬಿಪಿ ಗುಳಿಗೆಯನ್ನು ಸಾಮಾನ್ಯವಾಗಿ ಒಂದು ಗುಟುಕು ನೀರಲ್ಲಿ ನುಂಗಲು ಹೇಳುತ್ತಾರೆ, ಆದರೆ ಯಾವುದು ಬೇಕು ಯಾವುದು ಬೇಡ ಅಂತ ಡಾಕ್ಟರೇ ಹೇಳಬೇಕು. ಶುಗರ್ ಗುಳಿಗೆ, ಇನ್ಸುಲಿನ್ ವಿಷಯದಲ್ಲಿ ಇನ್ನೂ ಹುಷಾರು. ಖಾಲಿ ಹೊಟ್ಟೆಯಲ್ಲಿ ಎಂದಿನಂತೆ ಅದನ್ನು ತೆಗೆದುಕೊಂಡರೆ ಶುಗರ್ ಇಳಿದುಬಿಡುತ್ತದೆ. ಹಾಗಾಗಿ ಶುಗರ್ ಇರುವವರು ಬೆಳಗಿನ ಮೊದಲ ನಂಬರ್ ಕೇಳಿ ಪಡೆಯಿರಿ. ರಕ್ತ ತೆಳು ಮಾಡುವ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರಿಗೆ ಹಾಗೆ ನಿಲ್ಲಿಸಿದರೆ ಹೃದಯಕ್ಕೇ ಅಪಾಯ.

ಈಗ ಮಂದಿ ಮುಚ್ಚಿಡುವ ವಿಷಯಕ್ಕೆ ಬರೋಣ. ರಾತ್ರಿ ನಿದ್ದೆ ಬರಲಿ ಎಂದು ಅಲ್‌ಪ್ರಜೋಲಮ್, ಕ್ಲೊನಾಜೆಪಮ್ ನುಂಗುವವರು ತುಂಬಾ ಜನ ಇದ್ದಾರೆ, ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಇವು ಮಿಡಾಜೋಲಮ್‌ನ ಜಾತಿಯವೇ. ದಿನಾ ತೆಗೆದುಕೊಳ್ಳುವವರಿಗೆ ಮಾಮೂಲಿ ಡೋಸ್ ಹತ್ತದೇ ಇರಬಹುದು. ಇವತ್ತು ಬೆಳಿಗ್ಗೆ ಹೆದರಿಕೆಗೆ ಅಂತ ಒಂದು ಹೆಚ್ಚಿಗೆ ನುಂಗಿ ಬಂದಿದ್ದರೆ ಎರಡೂ ಸೇರಿ ಉಸಿರು ತಗ್ಗಬಹುದು. ದಿನಾ ಸಾರಾಯಿ ಕುಡಿಯುವವರದ್ದೂ ಇದೇ ಕಥೆ. ಅಂಥವರಿಗೆ ಇಂಜೆಕ್ಷನ್ ಹತ್ತುವುದೇ ಇಲ್ಲ, ಇಲ್ಲವೇ ಶಾಂತವಾಗುವ ಬದಲು ಒದ್ದಾಡಲು ಶುರು ಮಾಡುತ್ತಾರೆ. ಹೆಂಡತಿ ಎದುರಿಗೆ ಹೇಳಲು ನಾಚಿಕೆ ಅನಿಸಿದರೆ "ಒಂದು ನಿಮಿಷ ಒಬ್ಬನೇ ಮಾತಾಡಬೇಕು" ಎಂದು ಕೇಳಿ. ಎಷ್ಟು, ಯಾವಾಗ ಕೊನೆಗೆ ಕುಡಿದದ್ದು, ಖರೇ ಹೇಳಿ. ಆ ಮಾತು ಡೋಸ್ ಲೆಕ್ಕಕ್ಕೆ ಬೇಕು, ಬೇರೆ ಯಾವುದಕ್ಕೂ ಅಲ್ಲ.

ಇನ್ನೂ ಕೆಲವು ಔಷಧಗಳು ಮಿಡಾಜೋಲಮ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್, ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್, ಬಿಪಿ ಮತ್ತು ಹೃದಯಕ್ಕೆ ಕೊಡುವ ಡಿಲ್ಟಿಯಜೆಮ್, ಎಚ್‌ಐವಿಯ ಕೆಲವು ಗುಳಿಗೆಗಳು ಇದರಲ್ಲಿ ಬರುತ್ತವೆ. ಗಜಕರ್ಣದ ಗುಳಿಗೆಗೂ ಹೊಟ್ಟೆ ಟೆಸ್ಟಿಗೂ ಏನು ಸಂಬಂಧ ಅಂತ ಅನಿಸುತ್ತದೆ, ಅಲ್ವಾ? ಅದಕ್ಕೇ ಇಡೀ ಚೀಲ ತನ್ನಿ ಅಂದಿದ್ದು.

ಜೋರಾಗಿ ಗೊರಕೆ ಹೊಡೆಯುವವರು, ನಿದ್ದೆಯಲ್ಲಿ ಉಸಿರು ನಿಂತು ದಡಕ್ಕನೆ ಏಳುವವರು, ದಮ್ಮು ಇರುವವರು, ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರು, ಮಯಾಸ್ತೇನಿಯಾ ಗ್ರಾವಿಸ್ ಎಂಬ ಸ್ನಾಯು ದುರ್ಬಲವಾಗುವ ಕಾಯಿಲೆ ಇರುವವರು ಇದನ್ನು ಕೇಳುವ ಮೊದಲೇ ಹೇಳಬೇಕು. ಗರ್ಭಿಣಿ ಇರಬಹುದು ಎಂಬ ಅನುಮಾನ ಇದ್ದರೂ ಹೇಳಿ. ಹಾಲು ಕುಡಿಸುವ ತಾಯಂದಿರಿಗೆ, ಮಿಡಾಜೋಲಮ್ ಕೊಟ್ಟ ಮೇಲೆ 24 ಗಂಟೆ ಬಿಡಿ ಎಂದು ಔಷಧದ ಚೀಟಿಯಲ್ಲಿ ಇರುತ್ತದೆ, ಆದರೆ ತಾಯಿ ಪೂರ್ತಿ ಎಚ್ಚರಾದ ಮೇಲೆ ಕುಡಿಸಬಹುದು ಎನ್ನುವ ಡಾಕ್ಟರ್‌ಗಳೂ ಇದ್ದಾರೆ. ಮೊದಲೇ ಕೇಳಿಕೊಂಡು, ಬೇಕಿದ್ದರೆ ಹಾಲು ತೆಗೆದಿಟ್ಟು ಬನ್ನಿ.

ರೂಮಿನ ಒಳಗೆ

ಸಹಿ ಮಾಡುವ ಮುಂಚೆ ಎರಡು ಪ್ರಶ್ನೆ ಕೇಳಿ. ಇಂಜೆಕ್ಷನ್ ಕೊಟ್ಟ ಮೇಲೆ ನನ್ನ ಉಸಿರು, ಬಿಪಿ ಯಾರು ನೋಡ್ತಾರೆ? ಆಕ್ಸಿಜನ್ ಇದೆಯಾ? ಹುಬ್ಬಳ್ಳಿ, ಗದಗಿನ ದೊಡ್ಡ ಸರ್ಕಾರಿ ಆಸ್ಪತ್ರೆ ಇರಲಿ, ಹಾವೇರಿಯ ಸಣ್ಣ ನರ್ಸಿಂಗ್ ಹೋಮ್ ಇರಲಿ, ಹಲ್ಲಿನ ಕ್ಲಿನಿಕ್ ಇರಲಿ, ಕೇಳುವುದು ನಿಮ್ಮ ಹಕ್ಕು. ಟೆಸ್ಟ್ ಮಾಡುವ ಡಾಕ್ಟರ್ ಕಣ್ಣು ಸ್ಕ್ರೀನ್ ಮೇಲೆ ಇರುತ್ತದೆ. ನಿಮ್ಮನ್ನೇ ನೋಡುತ್ತಾ ಇರಲು ಇನ್ನೊಬ್ಬರು ಬೇಕು. "ಏನೂ ಆಗಲ್ಲ, ಸುಮ್ನೆ ಮಲಗ್ರಿ" ಎಂಬ ಉತ್ತರ ಮಾತ್ರ ಬಂದರೆ ಇನ್ನೊಂದು ಕಡೆ ವಿಚಾರಿಸಿ. ಮಿಡಾಜೋಲಮ್ ಜಾಸ್ತಿ ಆದರೆ ಅದನ್ನು ತಡೆಯುವ ಔಷಧ ಇದೆ, ಹೆಸರು ಫ್ಲುಮಾಜೆನಿಲ್. ಅದರ ಪರಿಣಾಮ ಬೇಗ ಇಳಿದು ಮತ್ತೆ ಮಂಪರು ಬರಬಹುದು. ಹಾಗಾಗಿ ಅದನ್ನು ಕೊಟ್ಟಿದ್ದರೆ ಹೆಚ್ಚು ಹೊತ್ತು ಇರಿಸಿಕೊಳ್ಳುತ್ತಾರೆ, ಅವಸರ ಮಾಡಬೇಡಿ.

ಮಂಪರಿನಲ್ಲಿ ಮನೆ ಗುಟ್ಟೆಲ್ಲ ಬಾಯಿ ಬಿಡ್ತೀವಾ ಅಂತ ಕೇಳುವವರಿದ್ದಾರೆ. ಏನೋ ಒಂದಷ್ಟು ಬಡಬಡಿಸಬಹುದು, ಕೆಲವರು ಅಳುತ್ತಾರೆ. ಖರೇ ಹೇಳಿಸುವ ಔಷಧ ಇದಲ್ಲ. ನಮಗೆ ಅದು ದಿನದ ಕೆಲಸ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಹೆಣ್ಣುಮಕ್ಕಳಿಗೆ ಒಂದು ಮಾತು: ರೂಮಿನಲ್ಲಿ ಮಹಿಳಾ ಸಿಬ್ಬಂದಿ ಇರಲಿ ಎಂದು ಸಂಕೋಚ ಇಲ್ಲದೇ ಕೇಳಿ.

ಇಂಜೆಕ್ಷನ್ ಬೇಡ ಎನ್ನುವ ದಾರಿಯೂ ಇದೆ. ಗಂಟಲಿನಿಂದ ಮಾಡುವ ಮಾಮೂಲಿ ಎಂಡೋಸ್ಕೋಪಿ ಕೆಲವೇ ನಿಮಿಷದ ಕೆಲಸ, ಗಂಟಲು ಮರಗಟ್ಟಿಸುವ ಸ್ಪ್ರೇ ಒಂದರಲ್ಲೇ ತುಂಬಾ ಜನ ಮಾಡಿಸಿಕೊಳ್ಳುತ್ತಾರೆ. ವಾಕರಿಕೆ ಬರುತ್ತದೆ, ಹಿತವಾಗಿ ಇರುವುದಿಲ್ಲ, ಆದರೆ ಆಮೇಲೆ ತಲೆ ತಿಳಿಯಾಗಿರುತ್ತದೆ, ಒಬ್ಬರೇ ವಾಪಸ್ ಹೋಗಬಹುದು. ರೋಣದಿಂದಲೋ ಹಿರೇಕೆರೂರಿನಿಂದಲೋ ಒಬ್ಬರೇ ಬಂದಿದ್ದೀರಿ ಅಂದರೆ ನಾನಂತೂ ಇದನ್ನೇ ಡಾಕ್ಟರ್ ಹತ್ತಿರ ಕೇಳಿ ನೋಡಿ ಅನ್ನುತ್ತೇನೆ. ಸ್ಪ್ರೇ ಹೊಡೆದಿದ್ದರೆ ಗಂಟಲಿನ ಜೋಮು ಪೂರ್ತಿ ಹೋಗುವ ತನಕ ಏನೂ ತಿನ್ನಬೇಡಿ. ಮೊದಲು ಒಂದು ಗುಟುಕು ನೀರು ಕುಡಿದು ನೋಡಿ.

ಜೊತೆಗೆ ಬಂದವರಿಗೆ

ಇದನ್ನು ರೋಗಿಗಿಂತ ನೀವು ಓದುವುದು ಮುಖ್ಯ. ರೋಗಿ ಹೊರಗೆ ಬಂದಾಗ ನಗುತ್ತಾ ಮಾತಾಡುತ್ತಾರೆ, ಡಾಕ್ಟರ್ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ, "ನನಗ ಏನೂ ಆಗಿಲ್ಲ, ನಡೀರಿ" ಅನ್ನುತ್ತಾರೆ. ಸಂಜೆ ಕೇಳಿದರೆ ಡಾಕ್ಟರ್ ಬಂದದ್ದೇ ನೆನಪಿರುವುದಿಲ್ಲ. ಈ ಔಷಧದ ಗುಣವೇ ಅದು. ಹಾಗಾಗಿ ಡಾಕ್ಟರ್ ಏನು ಕಂಡಿತು, ಯಾವ ಗುಳಿಗೆ, ಬಯಾಪ್ಸಿ (ಪರೀಕ್ಷೆಗೆ ಒಳಗಿನ ಸಣ್ಣ ಚೂರು) ತೆಗೆದಿದ್ದಾರಾ, ವರದಿ ಯಾವಾಗ ಎಂದು ಹೇಳುವಾಗ ನೀವು ಪಕ್ಕದಲ್ಲೇ ನಿಂತು ಬರೆದುಕೊಳ್ಳಬೇಕು. ಬಿಲ್ ಕೌಂಟರ್‌ನಲ್ಲಿ ನಿಂತು ಆ ಮಾತು ತಪ್ಪಿಸಿಕೊಳ್ಳಬೇಡಿ.

ಬೈಕ್ ಬೇಡ. ಹಿಂದೆ ಕೂರಿಸಿಕೊಂಡು ಹೋಗುವುದೂ ಬೇಡ. ಮಂಪರಿನಲ್ಲಿ ಹಿಡಿತ ಸಡಿಲವಾಗುತ್ತದೆ, ಗದಗ ರಸ್ತೆಯಲ್ಲಿ ಒಂದು ತೂಕಡಿಕೆ ಸಾಕು. ಕಾರು, ಆಟೋ ಇದ್ದರೆ ಒಳ್ಳೆಯದು. ಧಾರವಾಡದವರು ಚಿಗರಿ ಬಸ್ಸಿನಲ್ಲಿ ಹೋಗುವುದಾದರೆ ಸೀಟು ಸಿಗುವ ಹೊತ್ತು ನೋಡಿ, ಕೈ ಹಿಡಿದು ಹತ್ತಿಸಿ ಇಳಿಸಿ.

ಮುಂದಿನ 24 ಗಂಟೆ ಗಾಡಿ, ಟ್ರ್ಯಾಕ್ಟರ್ ಓಡಿಸುವಂತಿಲ್ಲ. ಹೊಲದ ಮೋಟರ್ ಚಾಲೂ ಮಾಡಲು ಬಾವಿ ಕಡೆ ಹೋಗುವುದು, ಮೇವು ಕತ್ತರಿಸುವ ಮಷಿನ್, ಒಲೆ ಮುಂದೆ ಕೂತು ರೊಟ್ಟಿ ಬಡಿಯುವುದು, ಎಲ್ಲ ಮರುದಿನಕ್ಕೆ. ಸಾರಾಯಿ ಮುಟ್ಟುವಂತಿಲ್ಲ, ಡಾಕ್ಟರ್ ಹೇಳದ ನಿದ್ದೆ ಗುಳಿಗೆಯೂ ಬೇಡ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತುವುದು, ಸಾಲದ ಕಾಗದಕ್ಕೆ ಸಹಿ, ಬ್ಯಾಡಗಿ ಪೇಟೆಯ ಮೆಣಸಿನಕಾಯಿ ವ್ಯವಹಾರ, ಫೋನಿನಲ್ಲಿ ದೊಡ್ಡ ಹಣ ಕಳಿಸುವುದು ಅಂದು ಬೇಡವೇ ಬೇಡ. ಹೇಗೂ ಹುಬ್ಬಳ್ಳಿಗೆ ಬಂದಿದ್ದೀವಿ, ಆ ಕೆಲಸಾನೂ ಮುಗಿಸೋಣ ಎನ್ನುವ ಲೆಕ್ಕ ಇದ್ದರೆ ಅದನ್ನು ಟೆಸ್ಟಿಗೆ ಮುಂಚಿನ ದಿನ ಮುಗಿಸಿ.

ವಯಸ್ಸಾದವರನ್ನು ಆ ರಾತ್ರಿ ಒಬ್ಬರೇ ಬಚ್ಚಲಿಗೆ ಕಳಿಸಬೇಡಿ. ಬೀಳುವುದು ಅಲ್ಲೇ. ಕೆಲವು ಅಜ್ಜಿಯರಿಗೆ ಅಂದು ಸಂಜೆ ಗೊಂದಲ ಆಗಬಹುದು, ಯಾವ ಊರಲ್ಲಿದ್ದೇನೆ ಅಂತ ಕೇಳಬಹುದು. ದೀಪ ಹಾಕಿಟ್ಟು ಪಕ್ಕದಲ್ಲಿ ಇರಿ. ಮರುದಿನವೂ ಹಾಗೇ ಇದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ಕೂಗಿ ಅಲುಗಾಡಿಸಿದರೂ ಎಚ್ಚರಾಗುತ್ತಿಲ್ಲ, ಉಸಿರು ತೀರಾ ನಿಧಾನ ಆಗಿದೆ, ತುಟಿ ನೀಲಿಯಾಗುತ್ತಿದೆ ಅಂದರೆ ಫೋನ್ ಮಾಡಿ ಕೇಳುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ ಒಂದು ಮಗ್ಗುಲಿಗೆ ಮಲಗಿಸಿ. ಎಂಡೋಸ್ಕೋಪಿ ಆದ ಮೇಲೆ ತಡೆಯಲಾರದ ಹೊಟ್ಟೆನೋವು, ಎದೆನೋವು, ರಕ್ತವಾಂತಿ, ಡಾಂಬರಿನಂತೆ ಕಪ್ಪು ಮಲ ಕಂಡರೆ ಅದು ಇಂಜೆಕ್ಷನ್ನಿನದಲ್ಲ, ಟೆಸ್ಟಿನಿಂದ ಆದದ್ದಿರಬಹುದು. ಆಗಲೂ ತಡ ಮಾಡದೇ ಹೊರಡಿ. ಸೂಜಿ ಚುಚ್ಚಿದ ಜಾಗ ಸ್ವಲ್ಪ ನೀಲಿಗಟ್ಟಿದರೆ ಅಡ್ಡಿಯಿಲ್ಲ. ಕೆಂಪಾಗಿ, ಬಿಸಿಯಾಗಿ, ನರ ಹಗ್ಗದಂತೆ ಗಟ್ಟಿಯಾದರೆ ತೋರಿಸಿ.

ಮನೆಗೆ ಹೊರಡುವ ಮುಂಚೆ ಕೊಟ್ಟ ಇಂಜೆಕ್ಷನ್ ಹೆಸರು, ಡೋಸ್ ಎರಡನ್ನೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಉಸಿರು ತಗ್ಗಿತ್ತಾ, ಒದ್ದಾಡಿದರಾ, ಮೈ ಮೇಲೆ ದದ್ದು ಎದ್ದಿತ್ತಾ ಅನ್ನುವುದೂ ಅದರಲ್ಲಿ ಇರಲಿ. ಮುಂದೆ ಬೇರೆ ಊರಲ್ಲಿ, ಬೇರೆ ಡಾಕ್ಟರ್ ಹತ್ತಿರ ಹಲ್ಲು ಕೀಳಿಸಲು ಹೋದರೂ ಆ ಚೀಟಿ ಮೊದಲು ತೋರಿಸಿ.