ಅಡುಗೆಮನೆ ಕ್ಯಾಲೆಂಡರಿನ ಚುಕ್ಕೆಗಳು: ನನ್ನ ಅನುಭವ

ಮುಟ್ಟುಗಳ ನಡುವೆ ‘ಬಟ್ಟೆಗೆ ಕಲೆ ಆಗುತ್ತಿದೆ’ ಎಂದು ಬೆಂಗಳೂರಿನ ಹನುಮಂತನಗರದ ನನ್ನ ಚಿಕ್ಕ ಕ್ಲಿನಿಕ್ಕಿಗೆ ಬರುವವರಿಗೆ ನಾನು ಮೊದಲ ದಿನವೇ ಸ್ಕ್ಯಾನ್ ಬರೆಯುವುದು ಈಗ ಅಪರೂಪ. ಯೂಪಿಟಿ (ಮೂತ್ರದ ಗರ್ಭಪರೀಕ್ಷೆ) ಮತ್ತು ಸ್ಪೆಕ್ಯುಲಮ್ ಪರೀಕ್ಷೆ (ಉಪಕರಣವಿಟ್ಟು ಯೋನಿ, ಗರ್ಭಕೊರಳನ್ನು ನೋಡುವುದು) ಮುಗಿಸಿ, ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬನ್ನಿ ಎನ್ನುತ್ತೇನೆ. ಆರೇಳು ವರ್ಷಗಳ ಹಿಂದೆ ಇದನ್ನು ಆರಂಭಿಸಿದಾಗ ಹಿರಿಯ ವೈದ್ಯರೊಬ್ಬರು, ಹೋದ ತಿಂಗಳ ತಾರೀಖನ್ನೇ ನೆನಪಿಡದವರು ಚುಕ್ಕೆಗಳ ಲೆಕ್ಕ ಇಡುತ್ತಾರೆಯೇ ಎಂದು ಕೇಳಿದ್ದರು.

ಮೊದಲ ಪ್ರಯತ್ನದಲ್ಲಿ ಅವರ ಮಾತೇ ನಿಜವಾಯಿತು. ಅವೆನ್ಯೂ ರಸ್ತೆಯಲ್ಲಿ ಸುಮಾರು 7 ಸಾವಿರ ರೂಪಾಯಿ ಕೊಟ್ಟು ಎರಡು ಬಣ್ಣದ ಹಾಳೆಗಳನ್ನು ಅಚ್ಚು ಹಾಕಿಸಿದೆ. ಹತ್ತರಲ್ಲಿ ಒಂದು ತುಂಬಿ ಬಂದಿದ್ದರೆ ಹೆಚ್ಚು. ಅತ್ತೆಯ ಕಣ್ಣಿಗೆ ಬೀಳಬಾರದೆಂದು ಸೀರೆಗಳ ಕೆಳಗೆ ಇಟ್ಟವರು ಅಲ್ಲಿಯೇ ಮರೆತಿದ್ದರು. ದಾರಿ ತೋರಿಸಿದವರು ಶ್ರೀನಗರದ ಒಬ್ಬ ಗೃಹಿಣಿ. ಅವರು ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಾಳೆಯನ್ನೇ ಹರಿದು ತಂದಿದ್ದರು. ಹಾಲಿನ ಲೆಕ್ಕಕ್ಕೆ ನೀಲಿ ಗೆರೆ, ಸಿಲಿಂಡರ್ ಬಂದ ದಿನಕ್ಕೆ ‘ಗ್ಯಾ’ ಎಂಬ ಅಕ್ಷರ, ಅವುಗಳ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಪೆನ್ಸಿಲ್ ಚುಕ್ಕೆಗಳು. ಮನೆಮಂದಿಯ ಕಣ್ಣೆದುರೇ ಮೊಳೆಗೆ ತೂಗುತ್ತಿದ್ದ ಆ ಹಾಳೆಯ ಚುಕ್ಕೆಗಳ ಬಗ್ಗೆ ಯಾರೂ ಕೇಳಿರಲಿಲ್ಲ. ಅಂದಿನಿಂದ ನನ್ನ ಪದ್ಧತಿ ಅದೇ: ಮುಟ್ಟಿನ ದಿನಕ್ಕೆ ಗುಣಿಸು ಗುರುತು, ಕಲೆಗೆ ಚುಕ್ಕೆ, ಗರ್ಭನಿರೋಧಕ ಮಾತ್ರೆ ತಪ್ಪಿದ ದಿನಕ್ಕೆ ಸೊನ್ನೆ. ಫೋನಿನಲ್ಲಿ ಫೋಟೋ ತೆಗೆದು ತಂದರೂ ಸಾಕು.

ಅಸಹಜ ರಕ್ತಸ್ರಾವದ ಕಾರಣಗಳನ್ನು ವಿಂಗಡಿಸುವ 2011ರ ಫಿಗೋ (ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ) ವರ್ಗೀಕರಣ ವೈದ್ಯರಾದ ನಿಮಗೆಲ್ಲ ಬಾಯಿಪಾಠ, ಅದನ್ನು ಇಲ್ಲಿ ಬರೆಯುವುದಿಲ್ಲ. ಚುಕ್ಕೆಗಳನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ಸುಮಾರು 14 ದಿನ ಮೊದಲು ಒಂದೆರಡು ದಿನ ಮಾತ್ರ ಕಾಣಿಸಿದರೆ ಅಂಡಾಣು ಬಿಡುಗಡೆಯ ಕಲೆಯೆಂದು ಧೈರ್ಯ ಹೇಳುತ್ತೇನೆ. ಮುಟ್ಟಿಗೆ ಅಂಟಿಕೊಂಡಂತೆ ಮೂರು ನಾಲ್ಕು ದಿನ ಮೊದಲೇ ಬಂದರೆ ಟಿಎಸ್‌ಎಚ್ (ಥೈರಾಯ್ಡ್) ಮತ್ತು ಪ್ರೊಲ್ಯಾಕ್ಟಿನ್ ಹಾರ್ಮೋನು ಪರೀಕ್ಷೆ ಬರೆಯುತ್ತೇನೆ. ಲಯವೇ ಇಲ್ಲದೆ ಚೆದುರಿದ್ದರೆ ಟಿವಿಎಸ್ (ಯೋನಿಯ ಮೂಲಕ ಮಾಡುವ ಸ್ಕ್ಯಾನ್), ಅದೂ ಮುಟ್ಟು ನಿಂತ ಕೂಡಲೇ. ಗರ್ಭಕೋಶದ ಒಳಪದರ ದಪ್ಪಗಾದ ಮೇಲೆ ಮಾಡಿಸಿದ ಸ್ಕ್ಯಾನಿನಲ್ಲಿ ಪಾಲಿಪ್ (ಚಿಕ್ಕ ಮೆತ್ತನೆಯ ಗಡ್ಡೆ) ಮರೆಯಾಗಿ, ‘ನಾರ್ಮಲ್’ ವರದಿ ಹಿಡಿದು ಅಲೆದವರನ್ನು ನಾನು ಬಹಳ ಕಂಡಿದ್ದೇನೆ. ಸೊನ್ನೆಯ ಬೆನ್ನಿಗೇ ಚುಕ್ಕೆ ಬಂದಿದ್ದರೆ ಕಾರಣ ಹುಡುಕಬೇಕಾಗಿಲ್ಲ. ಸೊನ್ನೆ ಒಂದೂ ಇಲ್ಲದೆ ಚುಕ್ಕೆಗಳು ತುಂಬಿದ್ದ ಒಬ್ಬರು ಕ್ಷಯಕ್ಕೆ ರಿಫಾಂಪಿಸಿನ್ ನುಂಗುತ್ತಿದ್ದರು. ಅದು ಗರ್ಭನಿರೋಧಕ ಮಾತ್ರೆಯ ಬಲವನ್ನೇ ಕುಂದಿಸಿತ್ತು.

ಇನ್ನೊಬ್ಬರ ಹಾಳೆಯಲ್ಲಿ ಚುಕ್ಕೆಗಳೆಲ್ಲ ಕೆಂಪಕ್ಷರದ ಭಾನುವಾರಗಳ ಮೇಲೆಯೇ ಕುಳಿತಿದ್ದವು. ಹೊಸೂರಿನಲ್ಲಿ ಕೆಲಸ ಮಾಡುವ ಪತಿ ಶನಿವಾರ ರಾತ್ರಿ ಮನೆಗೆ ಬರುತ್ತಿದ್ದರು; ಅಂದರೆ ಅದು ಸಂಭೋಗದ ನಂತರದ ಕಲೆ. ಮೊದಲ ಭೇಟಿಯಲ್ಲಿ ಕಲೆ ಆಗುತ್ತಿದ್ದುದರಿಂದ ನಾನು ಸ್ಪೆಕ್ಯುಲಮ್ ಪರೀಕ್ಷೆಯನ್ನು ಮುಂದೂಡಿದ್ದೆ. ಈ ಬಾರಿ ನೋಡಿದಾಗ ಗರ್ಭಕೊರಳಿನಲ್ಲಿ ಪಾಲಿಪ್ ಇತ್ತು. ಗರ್ಭಕೊರಳಿನ ಕ್ಯಾನ್ಸರ್ ಸುಳಿವು ಹುಡುಕುವ ಪ್ಯಾಪ್ ಪರೀಕ್ಷೆಯನ್ನೂ ಅಂದೇ ಮಾಡಿದೆ. ಈಗ ಸಂಭೋಗದ ನಂತರದ ಕಲೆಯ ವಿಷಯವನ್ನು ಮೊದಲ ದಿನವೇ ಹೊರಡಿಸುವ ಒಂದು ಪ್ರಶ್ನೆ ನನ್ನಲ್ಲಿದೆ. ಅದನ್ನು ನನ್ನ ಬಳಿ ಕಲಿಯಲು ಬರುವವರಿಗೆ ಮಾತ್ರ ಹೇಳುತ್ತೇನೆ.

ನನ್ನ ದೊಡ್ಡ ತಪ್ಪು ಯೂಪಿಟಿಯದು. ಗರ್ಭ ನಿಲ್ಲದಂತೆ ಕಾಪರ್-ಟಿ ಇದೆ ಎಂಬ ಮಾತಿಗೆ ಆ ಪರೀಕ್ಷೆಯನ್ನು ಬಿಟ್ಟು, ಒಬ್ಬರ ಕೈಗೆ ಕ್ಯಾಲೆಂಡರ್ ಕೊಟ್ಟು ಕಳಿಸಿದೆ. ಹತ್ತು ಹನ್ನೆರಡು ದಿನಗಳಲ್ಲಿ ಅಂಡನಾಳದಲ್ಲಿ ನಿಂತಿದ್ದ ಗರ್ಭ ಒಡೆದು ಅವರು ಆಸ್ಪತ್ರೆ ಸೇರಿದರು. ಬದುಕಿಕೊಂಡರು, ಆದರೆ ಆ ರಾತ್ರಿಯನ್ನು ನಾನು ಮರೆತಿಲ್ಲ. ಮುಟ್ಟು ನಿಂತು ವರ್ಷ ಕಳೆದವರಿಗೂ 45 ದಾಟಿದವರಿಗೂ ನಾನು ಕ್ಯಾಲೆಂಡರ್ ಕೊಡುವುದಿಲ್ಲ; ಅವರ ಒಳಪದರದ ಪರೀಕ್ಷೆ ಕಾಯಬಾರದು.

ನಡುವೆ ಹದಿನೈದಿಪ್ಪತ್ತು ಸಾಫ್ಟ್‌ವೇರ್ ಉದ್ಯೋಗಿಗಳ ಫೋನ್ ಆ್ಯಪ್‌ಗಳನ್ನೂ ನೋಡಿದೆ. ಕಲೆಯನ್ನೂ ಮುಟ್ಟೆಂದೇ ದಾಖಲಿಸಿದ್ದರಿಂದ 28 ದಿನಗಳ ಚಕ್ರ 14ಕ್ಕೆ ಇಳಿದಿತ್ತು, ಅದನ್ನು ನೋಡಿ ಹುಡುಗಿಯರು ಹೆದರಿದ್ದರು. ಪೆನ್ಸಿಲ್ಲೇ ವಾಸಿ.

ಮೊದಲ ಆರು ತಿಂಗಳು ಕ್ಲಿನಿಕ್ಕಿನ ಆದಾಯ ಇಳಿಯಿತು. ಆದರೆ ಮೊದಲು ಸ್ಕ್ಯಾನ್ ಮತ್ತು ಹಾರ್ಮೋನು ಪರೀಕ್ಷೆಗೆಂದು ನಾಲ್ಕೈದು ಸಾವಿರ ಸುರಿಯುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಈಗ ಆ ಖರ್ಚಿಲ್ಲ. ನನ್ನನ್ನು ಪ್ರಶ್ನಿಸಿದ್ದ ಹಿರಿಯರೂ ತಮ್ಮ ಮೇಜಿನ ಮೇಲೆ ಪೆನ್ಸಿಲ್ ಇಟ್ಟುಕೊಂಡಿದ್ದಾರೆ. ಉಳಿದ ತೊಂದರೆ ಜನವರಿಯದು: ಹೊಸ ಕ್ಯಾಲೆಂಡರ್ ಬಂದೊಡನೆ ಹಳೆಯದು ರದ್ದಿಗೆ ಹೋಗುತ್ತದೆ, ಹಾಗಾಗಿ ಡಿಸೆಂಬರಿನಲ್ಲಿ ಬಂದವರಿಗೆ ಕೊನೆಯ ಎರಡು ಹಾಳೆಗಳನ್ನು ಮಡಚಿ ಪರ್ಸಿನಲ್ಲಿಡಲು ಹೇಳಿ ಕಳಿಸುತ್ತೇನೆ.