ದುಡ್ಡು ಕೊಟ್ಟು ಇಳಿಯದೆ ಬಂದೆ

ಪೈಲಟ್ ತರಬೇತಿಯಲ್ಲಿದ್ದೆ. ಸೆಸ್ನಾ 172 ಅನ್ನುವ ಚಿಕ್ಕ ವಿಮಾನದ ಮುಂದಿನ ಚಕ್ರ ಮುರಿದಾಗ ನನ್ನ ಲಾಗ್‌ಬುಕ್ಕಿನಲ್ಲಿ ಸುಮಾರು 22 ಗಂಟೆಯ ಹಾರಾಟ ಇತ್ತು. ಸೋಲೋ, ಅಂದರೆ ಒಬ್ಬನೇ. ಇಳಿಯಲು ಬರುವಾಗ ವೇಗ 65 ನಾಟ್ ಇರಬೇಕಾದಲ್ಲಿ 75ರಲ್ಲಿ ಬಂದೆ. ವಿಮಾನ ತೇಲುತ್ತಲೇ ಹೋಯಿತು. ತಾಳ್ಮೆ ಕೆಟ್ಟು ಮೂಗು ತಗ್ಗಿಸಿದೆ. ಪುಟಿಯಿತು. ಮತ್ತೆ ತಗ್ಗಿಸಿದೆ, ಇನ್ನೂ ಜಾಸ್ತಿ ಪುಟಿಯಿತು. ಮೂರನೇ ಸಲಕ್ಕೆ ಚಕ್ರ ಹೋಯಿತು, ಪ್ರೊಪೆಲ್ಲರ್ ಡಾಂಬರು ಕೆರೆಯಿತು, ಎಂಜಿನ್ ಹಿಂದಿನ ಲೋಹದ ಗೋಡೆ (ಫೈರ್‌ವಾಲ್) ಸೊಟ್ಟಗಾಯಿತು. ನನಗೆ ಒಂದು ಗೀರೂ ಇಲ್ಲ. ರಿಪೇರಿಯ ಪಾಲು ಅಂತ ಒಂದೂವರೆ ಲಕ್ಷದಷ್ಟು ಕಟ್ಟಬೇಕಾಯಿತು. ಅಮ್ಮನ ಬಳೆ ಸೊಸೈಟಿಗೆ ಹೋಯಿತು.

ಮಳೆಗಾಲಕ್ಕೆ ಉಡುಪಿಗೆ ಬಂದು ಕೂತೆ. ಮೊದಲು ಸಿಮ್ಯುಲೇಟರ್ ಹುಚ್ಚು. ಯೋಕ್ (ವಿಮಾನದ ಸ್ಟೀರಿಂಗ್), ಪೆಡಲ್ ಎಲ್ಲ ಸೇರಿ 30 ಸಾವಿರದ ಹತ್ತಿರ. ಪರದೆಯಲ್ಲಿ ನೂರು ಸಲ ಚಂದ ಇಳಿದೆ. ಆದರೆ ನೆಲ ಮೇಲೇರಿ ಬರುವುದು ಕಣ್ಣಂಚಿಗೆ ತಾಗುವುದೇ ಇಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮಳೆ ಬಿಟ್ಟ ಸಂಜೆ ಶಾಲೆ ಮೈದಾನದಲ್ಲಿ ಥರ್ಮಾಕೋಲ್ ವಿಮಾನವನ್ನೂ ಹಾರಿಸಿದೆ. ಅದು ನಮ್ಮ ಕಡೆ ತಿರುಗಿದರೆ ಎಡ ಬಲ ಉಲ್ಟಾ. ಎರಡು ಹೋದವು. ಒಂದು ಇನ್ನೂ ತೆಂಗಿನಮರದಲ್ಲೇ ಇದೆ.

ಕಣ್ಣಿಗೆ ಪಾಠ ಸಿಕ್ಕಿದ್ದು ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ. ಬಂಪರಿನ ಎದುರಿಗೇ ನೋಡಿದರೆ ರಸ್ತೆ ಬರೀ ಗೀಟು ಗೀಟು. ದೂರದ ತಿರುವಿಗೆ ಕಣ್ಣು ಇಟ್ಟರೆ ವೇಗವೂ ಸಿಗುತ್ತದೆ, ಎತ್ತರವೂ ಸಿಗುತ್ತದೆ. ನಾನು ಸೀಟಲ್ಲಿ ಒಮ್ಮೆ ಬಗ್ಗಿ ಒಮ್ಮೆ ನೆಟ್ಟಗಾಗುವುದನ್ನು ಕಂಡು ಕಂಡಕ್ಟರ್, “ಎಂತ ಮಾರಾಯ್ರೆ, ಡ್ರೈವಿಂಗ್ ಕಲೀಲಿಕ್ಕುಂಟಾ?” ಎಂದರು.

ವಾಪಸ್ ಹೋಗಿ ಇನ್‌ಸ್ಟ್ರಕ್ಟರಿಗೆ ಹೇಳಿದೆ: “ಸರ್, ಇಳಿಯುವುದೇ ಬೇಡ. ರನ್‌ವೇ ಮೇಲೆ ಐದಾರು ಅಡಿಯಲ್ಲಿ, ಸ್ವಲ್ಪ ಪವರ್ ಇಟ್ಟು, ಉದ್ದಕ್ಕೂ ಹೋಗಿ ಮೇಲೇಳೋಣ.” ಬ್ಯಾಚಿನವರು ನಕ್ಕರು. ಗಂಟೆಗೆ 13-14 ಸಾವಿರ ಕೊಟ್ಟು ಇಳಿಯದೆ ಬರುವವನು ನಾನೊಬ್ಬನೇ ಅಂತೆ. ಸರ್‌ಗೂ ಮನಸ್ಸಿರಲಿಲ್ಲ. ಮೂರು ದಿನ ಬೆನ್ನು ಹತ್ತಿದೆ. ಕೊನೆಗೆ ಟವರ್‌ಗೆ ತಿಳಿಸಿ, ಎರಡು ಗಂಟೆಯಲ್ಲಿ ಹದಿನಾರೋ ಹದಿನೇಳೋ ಸುತ್ತು ಹೊಡೆದೆವು. ಮಾಮೂಲಿ ಇಳಿಕೆಯಲ್ಲಿ ಫ್ಲೇರ್‌ನ, ಅಂದರೆ ನೆಲ ಮುಟ್ಟುವ ಮೊದಲು ಮೂಗು ಎತ್ತುವ ಹೊತ್ತಿನ, ನೋಟ ಸಿಗುವುದು ನಾಲ್ಕೈದು ಸೆಕೆಂಡ್. ಇಲ್ಲಿ ಸುತ್ತಿಗೆ ಇಪ್ಪತ್ತು ಸಿಕ್ಕಿತು.

ಜೊತೆಗೆ ಗೋ-ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇಳುವುದು, ಕೈಗೆ ಕೂತಿತು. ಫುಲ್ ಥ್ರಾಟಲ್ (ಎಂಜಿನ್‌ಗೆ ಪೂರ್ತಿ ಪವರ್), ಮೂಗು ಹಿಡಿ, ಫ್ಲಾಪ್ (ರೆಕ್ಕೆಯ ಹಿಂಬದಿ ಹಲಗೆ) 20 ಡಿಗ್ರಿಗೆ. 2010ರ ಮೇ 22ರಂದು ಮಂಗಳೂರಿನ ಬಜಪೆಯ ವಿಮಾನ ದುರಂತದಲ್ಲಿ 158 ಜನ ತೀರಿಹೋದರಲ್ವಾ, ಅಂದು ಕೋ-ಪೈಲಟ್ ಮೂರು ಸಲ ‘ಗೋ-ಅರೌಂಡ್’ ಎಂದಿದ್ದರು ಅಂತ ತನಿಖಾ ವರದಿಯಲ್ಲಿದೆ. ಒಬ್ಬನೇ ಹಾರುವಾಗ ಆ ಮಾತನ್ನು ನಾನೇ ಜೋರಾಗಿ ಹೇಳಿಕೊಳ್ಳುತ್ತೇನೆ.

ಮತ್ತೆ ಸೋಲೋ ಬಿಟ್ಟ ದಿನ ಅಡ್ಡಗಾಳಿ ಬಡಿದು ಒಮ್ಮೆ ಪುಟಿದೆ. ಬಾಯಿ ತೆರೆಯುವ ಮೊದಲೇ ಕೈ ಥ್ರಾಟಲ್ ತಳ್ಳಿತ್ತು. ಮುಂದಿನ ಸುತ್ತಿನಲ್ಲಿ ವೇಗ ಸಾಕಷ್ಟು ತಗ್ಗಿದೆ ಎನ್ನುವ ಸ್ಟಾಲ್ ಹಾರ್ನ್ ಕೂಗಿತು, ಹಿಂದಿನ ಚಕ್ರ ಮೆಲ್ಲಗೆ ತಾಗಿತು. ಆಮೇಲೆ ತೊಂಬತ್ತಕ್ಕೂ ಜಾಸ್ತಿ ಇಳಿದಿದ್ದೇನೆ, ಒಮ್ಮೆಯೂ ಮುಂದಿನ ಚಕ್ರ ಮೊದಲು ಮುಟ್ಟಿಲ್ಲ.

ಅಂದು ನಕ್ಕವರೇ ಈಗ ಕೇಳಲು ಬರುತ್ತಾರೆ. ಎಲ್ಲ ಹೇಳಿಕೊಡುತ್ತೇನೆ. ಕೊನೆಯ ಎರಡಡಿಯಲ್ಲಿ ಮೊಣಕೈ ಎಲ್ಲಿ ಊರುತ್ತೇನೆ ಅನ್ನುವುದೊಂದನ್ನು ಬಿಟ್ಟು. ಅದು ಅಮ್ಮನ ಬಳೆ ಬಿಡಿಸಿಕೊಂಡ ಮೇಲೆ.